ಖಾಲಿ ಕೋಣೆಯ ಸದ್ದು

"ಅತ್ತಿಗೆ, ನನ್ ಕುತ್ತಿಗೆ ಬಿಡಿ, ಉಸಿರು ಕಟ್ತಿದೆ!"

ನಾದಿನಿ ಅವಳನ್ನು ಹಾಸಿಗೆಯಿಂದ ಅರ್ಧ ಎತ್ತಿದ್ದಳು. ಗಾಲಿಕುರ್ಚಿಗೆ ಬ್ರೇಕ್ ಹಾಕಿರಲಿಲ್ಲ, ಅದು ಹಿಂದಕ್ಕೆ ಜಾರಿತು. ಇಬ್ಬರೂ ದೊಪ್ಪನೆ ಹಾಸಿಗೆಯ ಮೇಲೆ ಕುಸಿದರು.

"ಮೊದ್ಲು ಬ್ರೇಕ್ ಹಾಕು. ಆಮೇಲೆ ನಿನ್ನ ಮಂಡಿನ ನನ್ನ ಮಂಡಿಗೆ ಆನಿಸು."

"ಇಷ್ಟೆಲ್ಲ ಪಾಠ ಅಣ್ಣಂಗೂ ಹೇಳ್ತಿದ್ರಾ? ಅವನು ಮೂಟೆ ಥರ ಎತ್ಕೊಂಡು ಹೋಗ್ತಿದ್ದ."

"ಮೂಟೆ ಆಗಿದ್ರೆ ವಾಸಿ, ಬೈಯಲ್ಲ ಅಂತಿದ್ದ."

ನಾದಿನಿ ನಕ್ಕಳು. ನಗು ಅರ್ಧಕ್ಕೇ ನಿಂತಿತು. ಎರಡನೆಯ ಸಲ ಸರಿಯಾಗಿ ಎತ್ತಿ ಕೂರಿಸಿ, ಅವಳ ಪಾದಗಳನ್ನು ಒಂದೊಂದಾಗಿ ಕುರ್ಚಿಯ ಕಾಲುಹಲಗೆಯ ಮೇಲಿಟ್ಟಳು. ಕಾಲೇಜಿನ ದಿನಗಳಲ್ಲಿ ಬೆನ್ನಿಗೆ ಬಿದ್ದ ಪೆಟ್ಟಿನಿಂದ ಆ ಪಾದಗಳಿಗೆ ಏನೂ ತಿಳಿಯುತ್ತಿರಲಿಲ್ಲ.

"ಅಮ್ಮ ಬೆಳಿಗ್ಗೆ ಮತ್ತೆ ಫೋನ್ ಮಾಡಿದ್ರು," ಎಂದಳು ನಾದಿನಿ, ಬಗ್ಗಿದ ತಲೆಯನ್ನು ಎತ್ತದೆ. "ಫೋಟೋ ಬೇಡ, ನಂಗೆ ಕಣ್ಣು ಕಾಣಲ್ಲ, ಅವನ ದನಿ ಇರೋದು ಏನಾದ್ರೂ ಕೊಡಿ ಅಂತಾರೆ. ನೀವು ದಿನಾ ಶೂಟಿಂಗ್ ಮಾಡ್ತಿದ್ರಲ್ಲ, ಎಲ್ಲಾದ್ರೂ ಮಾತಾಡಿರ್ತಾನೆ. ಬಾಯಿ ಮುಚ್ಕೊಂಡು ಕೂರೋ ಜೀವಾನಾ ಅವನ್ದು?"

"ನೋಡ್ತೀನಿ."

ಪ್ರತಿ ಸಲವೂ ಇದನ್ನೇ ಹೇಳುತ್ತಿದ್ದಳು. ನೋಡುವುದಕ್ಕೆ ಏನೂ ಇಲ್ಲವೆಂಬುದು ಅವಳಿಗೆ ಗೊತ್ತಿತ್ತು. ಗಂಡನ ಫೋನು ಅವನ ಜೊತೆ ಆಸ್ಪತ್ರೆಗೆ ಹೋದದ್ದು, ಅಲ್ಲೇ ಕಳೆದುಹೋಗಿತ್ತು.

ಲಾಕ್‌ಡೌನ್ ಶುರುವಾದಾಗ ಅವಳು ಮನೆಯೊಳಗೇ, ತಾನೇ ನಟಿಸಿ, ಒಂದು ಚಿತ್ರ ಮಾಡಲು ಹೊರಟಿದ್ದಳು. ಮುಚ್ಚಿದ ಮನೆ, ಒಬ್ಬ ಹೆಂಗಸು, ಗಾಲಿ ತಿರುಗಿಸುವ ಎರಡು ಕೈ, ನೆಲದ ಮೇಲೆ ಸರಿಯುವ ಬಿಸಿಲು. ಆ ಹೆಂಗಸಿಗೆ ಯಾರೂ ಇಲ್ಲ. ಆ ಯಾರೂ ಇಲ್ಲದ್ದನ್ನು ತೋರಿಸಲು ಗಂಡ ಕ್ಯಾಮೆರಾಗೆ ಕಾಣದಂತೆ ಹಿಂದಿನಿಂದ ಕುರ್ಚಿ ತಳ್ಳುತ್ತಿದ್ದ. ಅವನ ಕನ್ನಡಕದ ಅಂಗಡಿ ಮುಚ್ಚಿತ್ತು. ಗಾಲಿ ಕಿರುಗುಟ್ಟದ ಹಾಗೆ ದಿನವೂ ಎಣ್ಣೆ ಬಿಡುತ್ತಿದ್ದ, ಹೆಜ್ಜೆ ಕೇಳದ ಹಾಗೆ ಕಾಲುಚೀಲ ಹಾಕಿಕೊಳ್ಳುತ್ತಿದ್ದ.

"ಡೈರೆಕ್ಟರಮ್ಮಾ, ಇದ್ರಲ್ಲಿ ನನ್ನ ಪಾತ್ರ ಏನು?"

"ಇಲ್ದೇ ಇರೋದು."

"ಸದ್ಯ, ಡೈಲಾಗ್ ಬಾಯಿಪಾಠ ಮಾಡೋ ಕಷ್ಟ ಇಲ್ಲ."

ಆದರೆ ಅವನು ಸುಮ್ಮನಿರುವವನಲ್ಲ. ಅಡುಗೆಮನೆಯಿಂದ ಹಾಡು, ಬಾಗಿಲ ಮರೆಯಿಂದ ಸಲಹೆ. ಅವಳು ಎಲ್ಲವನ್ನೂ ಕತ್ತರಿಸುತ್ತಿದ್ದಳು. ಕತ್ತರಿಸಿದ ಜಾಗವನ್ನು ಹಾಗೇ ಬಿಟ್ಟರೆ ಕಿವಿಗೆ ತೂತು ಬಿದ್ದಂತೆ ಕೇಳುತ್ತದೆ. ಖಾಲಿ ಕೋಣೆಗೂ ಅದರದೇ ಸದ್ದಿರುತ್ತದೆ: ಫ್ಯಾನಿನದು, ತೊಟ್ಟಿಕ್ಕುವ ನಲ್ಲಿಯದು. ಅದನ್ನೇ ಬೇರೆಯಾಗಿ ಹಿಡಿದಿಟ್ಟುಕೊಂಡು ತೇಪೆ ಹಾಕಬೇಕು. ಹಾಗಾಗಿ ಪ್ರತಿ ಕೋಣೆಯ ಕೆಲಸ ಮುಗಿದ ಮೇಲೆ ಇಬ್ಬರೂ ಅರ್ಧ ನಿಮಿಷ ಅಲುಗದೆ ಕೂರುತ್ತಿದ್ದರು. ಅವನು ಕೆನ್ನೆ ಉಬ್ಬಿಸಿ, ಕಣ್ಣರಳಿಸಿ, ಅವಳನ್ನು ನಗಿಸಲು ನೋಡುತ್ತಿದ್ದ.

ಆಮೇಲೆ ಅವನಿಗೆ ಕೆಮ್ಮು ಹತ್ತಿತು. ಕಂಪ್ಯೂಟರ್ ಪರದೆಯಲ್ಲಿ ಸದ್ದು ಒಂದು ಗೆರೆ, ಕೆಮ್ಮು ಅದರ ಮೇಲೆ ಎದ್ದು ನಿಂತ ಮುಳ್ಳು. ಕೇಳಿಸಿಕೊಳ್ಳದೆಯೇ ಗುರುತು ಹಿಡಿದು ತೆಗೆಯುವಷ್ಟು ಅವಳ ಕಣ್ಣು ಪಳಗಿತು. ಸ್ವಚ್ಛ ಮಾಡಿದ್ದನ್ನು ಉಳಿಸಿಕೊಂಡು ಮೂಲವನ್ನು ಅಳಿಸಿಹಾಕುವುದು ಅವಳ ರೂಢಿ, ಡಿಸ್ಕಿನಲ್ಲಿ ಜಾಗ ಸಾಲದು. ಮುಳ್ಳುಗಳು ದಿನದಿಂದ ದಿನಕ್ಕೆ ಒತ್ತಾದವು. ಕೆಲಸ ಹೆಚ್ಚಾಯಿತೆಂದು ರೇಗಿದಳು. ಅವನು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಕೆಮ್ಮತೊಡಗಿದ. ನಲ್ಲಿಯ ಸದ್ದೂ ಬೀಳುತ್ತಿದೆ ಎಂದಳು. ಆಮೇಲೆ ಬಾಗಿಲೆಳೆದುಕೊಂಡು ಹೊರಗಿನ ಮೆಟ್ಟಿಲಿಗೆ ಹೋಗತೊಡಗಿದ.

ಆ ವಾರ ಚಿತ್ರೀಕರಣ ಸರಾಗವಾಗಿ ಸಾಗಿತು. ಕೆಮ್ಮು ವಾಸಿಯಾಯಿತು ಎಂದು ಅವಳೇನೂ ಅಂದುಕೊಳ್ಳಲಿಲ್ಲ. ಕೇಳಿಸುತ್ತಿಲ್ಲ ಎಂದಷ್ಟೇ ಅಂದುಕೊಂಡಳು. ಮುಖ ಕಾಣದಂತೆ ಮುಚ್ಚಿಕೊಂಡ ಇಬ್ಬರು ಬಂದು ಅವನನ್ನು ಕೆಳಗಿಳಿಸಿದಾಗ ಅವಳ ಕುರ್ಚಿ ಮೆಟ್ಟಿಲ ತುದಿಯವರೆಗೆ ಮಾತ್ರ ಹೋಯಿತು. ಅವನು ಆಸ್ಪತ್ರೆಯಿಂದ ಮರಳಲಿಲ್ಲ.

ಚಿತ್ರ ಮುಗಿದಿತ್ತು. ಮುಂದಿನ ವಾರ ಪ್ರದರ್ಶನ. ಅದನ್ನು ನಡೆಸುವಾತ ನಿನ್ನೆ ಫೋನು ಮಾಡಿ, "ಮೇಡಂ, ಆ ಒಂಟಿತನ ಎಷ್ಟು ನಿಜ! ಇಡೀ ಚಿತ್ರದಲ್ಲಿ ಇನ್ನೊಂದು ಉಸಿರೂ ಇಲ್ಲ," ಎಂದಿದ್ದ. ಅವಳು ಥ್ಯಾಂಕ್ಸ್ ಹೇಳಿದ್ದಳು.

ಮಧ್ಯಾಹ್ನ ನಾದಿನಿ ಮಹಡಿಗೆ ಬಟ್ಟೆ ತರಲು ಹೋದಾಗ ಅವಳು ಖಾಲಿ ಕೋಣೆಗಳ ಸದ್ದಿಟ್ಟಿದ್ದ ಫೋಲ್ಡರನ್ನು ತೆರೆದಳು. ಅದನ್ನು ಸ್ವಚ್ಛ ಮಾಡಿರಲಿಲ್ಲ, ಮಾಡಲು ಅಲ್ಲಿ ಏನೂ ಇರುವುದಿಲ್ಲವಲ್ಲ. ಮಲಗುವ ಕೋಣೆಯದು ಎರಡು ಇದ್ದವು. ಮೊದಲನೆಯದು ಕೆಟ್ಟು, ಮತ್ತೆ ಮಾಡಿದ್ದು ಅವಳಿಗೆ ನೆನಪಾಯಿತು. ಕೆಟ್ಟದ್ದನ್ನು ಹಾಕಿ ಕೇಳಿದಳು. ಮತ್ತೆ ಕೇಳಿದಳು. ಅಷ್ಟರಲ್ಲಿ ನಾದಿನಿ ಬಟ್ಟೆಯ ರಾಶಿ ಹೊತ್ತು ಬಂದಳು.

"ಏನ್ ಕೇಳ್ತಿದೀರಾ ಅತ್ತಿಗೆ?"

ಏನಿಲ್ಲ ಎನ್ನಬಹುದಿತ್ತು. ಅವಳು ಹೆಡ್‌ಫೋನಿನ ವೈರನ್ನು ಕಿತ್ತಳು. ಕೋಣೆಯ ತುಂಬ ಫ್ಯಾನಿನ ಸದ್ದು.

"ಏನೂ ಇಲ್ವಲ್ಲ?"

"ಇರು."

ಫ್ಯಾನು. ನಲ್ಲಿಯ ಹನಿ. ಗಂಟಲಲ್ಲಿ ಅದುಮಿಟ್ಟ ಏನೋ ಒಂದು. ಅದು ಒಡೆಯಿತು, ಬಟ್ಟೆ ಹರಿದಂಥ ಕೆಮ್ಮು. ನಂತರ ಅವಳದೇ ದನಿ: "ಛೆ! ಅರ್ಧ ನಿಮಿಷ ತಡ್ಕೊಳ್ಳೋಕೂ ಆಗಲ್ವಾ ನಿಂಗೆ? ಹೊರಗೆ ಹೋಗಿ ಕೆಮ್ಮು."

"ಸಾರಿ, ಸಾರಿ. ಹೊರಟೆ ಡೈರೆಕ್ಟರಮ್ಮಾ. ನೀನು ಮಾಡ್ಕೋ." ಬಾಗಿಲು ಮುಚ್ಚಿದ ಸದ್ದು. ಮತ್ತೆ ಫ್ಯಾನು.

ನಾದಿನಿ ಒಂದು ಟವೆಲನ್ನು ಮಡಚಿದಳು. ಬಿಡಿಸಿದಳು. ಮತ್ತೆ ಮಡಚಿದಳು. ನಾದಿನಿಯಿಂದ ಬೈಗುಳ ಬರಲಿ ಎಂದು ಅವಳು ಕಾದಳು. ಬರಲಿಲ್ಲ.

"ಅಮ್ಮಂಗೆ ಕೊಡುವಾಗ," ನಾದಿನಿ ಟವೆಲಿಗೇ ಹೇಳಿದಳು, "ಕೆಮ್ಮು ತೆಗೀಬಹುದಾ? ಆಮೇಲೆ... ನಿಮ್ಮ ಮಾತೂ ಬೇಡ. ಅಣ್ಣ ಮಾತಾಡಿದ್ದಷ್ಟೇ ಸಾಕು. ನಿಮಗೆ ಗೊತ್ತಲ್ಲ, ಕತ್ತರಿಸೋದು."

ಗೊತ್ತಿತ್ತು. ಚಿಟಿಕೆ ಹೊಡೆಯುವಷ್ಟರ ಕೆಲಸ. ಪರದೆಯ ಮೇಲೆ ಮುಳ್ಳು ನಿಂತಿತ್ತು. ಅದರ ಪಕ್ಕದಲ್ಲಿ ಅವಳ ಮಾತಿನ ಗುಡ್ಡ, ಆಚೆಗೆ ಅವನದು, ಚಿಕ್ಕದು. ಮೌಸಿನ ಮೇಲಿದ್ದ ಕೈಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು.

"ಕತ್ತರಿಸಲ್ಲ. ಹೀಗೇ ಕೊಡ್ತೀನಿ."

"ಅಮ್ಮ ಬೈತಾರೆ ಅತ್ತಿಗೆ. ಜನ್ಮಪೂರ್ತಿ ಬೈತಾರೆ."

"ಬೈಲಿ."

ನಾದಿನಿ ಬಟ್ಟೆಯನ್ನು ಹಾಸಿಗೆಯ ಮೇಲೆ ಬಿಟ್ಟು ಎದ್ದಳು. ಬಾಯಿಗೆ ಸೆರಗು ಒತ್ತಿಕೊಂಡು ಹೊರಗೆ ಹೋಗಿ, ಬಾಗಿಲನ್ನು ಮೆಲ್ಲಗೆ ಎಳೆದುಕೊಂಡಳು. ಮೆಟ್ಟಿಲ ಕಡೆಯಿಂದ ಅದುಮಿದ ಅಳು ಕೇಳಿಸಿತು.

"ಪುಟ್ಟೀ, ಹೊರಗೆ ಹೋಗ್ಬೇಡ," ಅವಳು ಕೂಗಿದಳು. "ಒಳಗೇ ಬಾ. ಇಲ್ಲೇ ಅಳು."

ಯಾರೂ ಬರಲಿಲ್ಲ. ಅವಳು ಬ್ರೇಕ್ ತೆಗೆದು ಗಾಲಿಗೆ ಕೈ ಹಾಕಿದಳು. ಎಣ್ಣೆ ಕಂಡು ಎಷ್ಟೋ ದಿನವಾಗಿದ್ದ ಗಾಲಿಗಳು ಬಾಗಿಲವರೆಗೂ ಕಿರುಗುಟ್ಟಿದವು. ಹಿಂದೆ, ಮೇಜಿನ ಮೇಲೆ, ಕೋಣೆಯ ಸದ್ದು ತಾನಾಗಿಯೇ ಮೊದಲಿನಿಂದ ಶುರುವಾಗಿತ್ತು: ಫ್ಯಾನು, ನಲ್ಲಿಯ ಹನಿ, ಉಸಿರು ಬಿಗಿಹಿಡಿದು ಕೂತ ಇಬ್ಬರು.