ಉಳ್ಳಾಗಡ್ಡಿ ಹೋಗಿ ಡೆಂಗಿ ಬಂತು

ಹಳೇ ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ನೀರು ಬಂದ ದಿನ ಕೊಡ, ಬಕೆಟ್, ಡ್ರಮ್ಮು ಎಲ್ಲ ತುಂಬಿಕೊಳ್ಳುತ್ತವೆ. ಮುಂದಿನ ನೀರು ಬರುವಷ್ಟರಲ್ಲಿ ಅವುಗಳಲ್ಲಿ ಸೊಳ್ಳೆಗಳು ಸಂಸಾರ ಹೂಡಿರುತ್ತವೆ. ನೀರು ಮುಚ್ಚಿಡಿ ಅಂತ ಹೇಳಿ ಹೇಳಿ ನಮಗೂ ಸಾಕಾಗಿದೆ. ಈ ಸಲ ರೊಟ್ಟಿ ಮಾರುವ ಫಕೀರವ್ವನ ಬಸುರಿ ಸೊಸೆ ದ್ರಾಕ್ಷಾಯಿಣಿ ಜ್ವರದಿಂದ ಮಲಗಿದಳು.

ಆಶಾ ಕಾರ್ಯಕರ್ತೆ ಮಾಬೂಬಿ ಬಾಗಿಲಿಗೆ ಬಂದಳು. "ಮನ್ಯಾಗ ಯಾರಿಗರ ಜ್ವರ ಐತೇನ್ರಿ?"

"ಇಲ್ಲವಾ. ಎಲ್ಲಾರೂ ಗಟ್ಟಿ ಅದೀವಿ," ಅಂದಳು ಫಕೀರವ್ವ.

ಒಳಗೆ ದ್ರಾಕ್ಷಾಯಿಣಿ "ಯವ್ವಾ" ಎಂದು ನರಳಿದಳು.

"ಮತ್ತ ಅದೇನ್ರಿ?"

"ಬೆಕ್ಕು."

ಮಾಬೂಬಿ ಹಣೆ ಬಡಿದುಕೊಂಡಳು. "ಬೆಕ್ಕು 'ಯವ್ವಾ' ಅಂತೈತೇನ್ರಿ?"

ಫಕೀರವ್ವ ಸಿಡಿದಳು. "ಹೌದವಾ, ಸುಳ್ಳ ಹೇಳೇನಿ! ಹೋದ ವರ್ಷ ಮಗಗ ಡೆಂಗಿ ಆದಾಗ ಖರೇ ಹೇಳಿ ಏನ್ ಸಿಕ್ತು? ನನ್ನ ಮಗನ ಹೆಸರು, ಮನಿ ನಂಬರ್, ಫೋನ್ ನಂಬರ್ ಎಲ್ಲಾ ಇದ್ದ ಪಟ್ಟೀನ ಯಾವನೋ ವಾಟ್ಸಾಪ್ ಗ್ರೂಪಿಗೆ ಹಾಕಿದ. ನಮ್ಮ ಅಡ್ಡಹೆಸರು ಉಳ್ಳಾಗಡ್ಡಿ. ಈಗ ಕೇಳಿ ನೋಡು, 'ಡೆಂಗಿ ಫಕೀರವ್ವ' ಅಂತಾರ. ಡೆಂಗಿ ಮನಿ ರೊಟ್ಟಿ ಯಾರ್ ತಗೋತಾರ?"

ನಮ್ಮ ಕಡೆ ಉಳ್ಳಾಗಡ್ಡಿ ಎಂಬ ಈರುಳ್ಳಿ, ಮೆಣಸಿನಕಾಯಿ ಎಲ್ಲ ಅಡ್ಡಹೆಸರಾಗುತ್ತವೆ, ಸರಿ. ರೋಗವನ್ನೂ ಅಡ್ಡಹೆಸರು ಮಾಡಿದವರಿಗೆ ಏನು ಹೇಳೋಣ!

"ಆ ಪಟ್ಟಿ ಅಳಿಸಿ ಹಾಕಸು ಮೊದಲ," ಅಂದಳು ಫಕೀರವ್ವ.

"ಅದು ನನ್ನ ಕೈಯಾಗಿಲ್ಲರಿ. ಎಷ್ಟ ಮಂದಿ ಫೋನಿನ್ಯಾಗ ಕುಂತೈತೋ ಏನೋ. ಹೆಸರು ಹಾಕಿದ್ದು ತಪ್ಪು, ಖರೇ. ಆದ್ರ ಈಗ ನೀವು ಮುಚ್ಚಿಟ್ರ ಇಲ್ಲಿ ಜ್ವರಾನ ಇಲ್ಲಂತ ಲೆಕ್ಕ ಆಗತೈತಿ. ಔಷಧ ಹೊಡಿಯವ್ರು ಬ್ಯಾರೆ ಕಡೆ ಹೋಗ್ತಾರ." ಮಾಬೂಬಿ ಫೋನಿನಲ್ಲಿ ಊರಿನ ಜ್ವರದ ನಕಾಶೆ ತೆಗೆದಳು. "ಮಂದಿಗೆ ಕಾಣೂದು ಇಷ್ಟ. ಯಾವ ಕಡೆ ಎಷ್ಟು ಮಂದಿಗೆ ಜ್ವರ ಅಂತ ಐತಿ. ಹೆಸರಿಲ್ಲ, ಮನಿ ನಂಬರಿಲ್ಲ. ಹೆಸರು ದವಾಖಾನಿಯವರಿಗೆ ಅಷ್ಟ."

"ಓಣ್ಯಾಗ ನನ್ನ ಸೊಸಿ ಒಬ್ಬಾಕಿಗೇ ಜ್ವರ ಇದ್ರ? ಯಾರಂತ ಗೊತ್ತಾಗೂದಿಲ್ಲೇನು?"

"ಅದಕ್ಕ ಅಕ್ಕಪಕ್ಕದ ಓಣಿ ಎಲ್ಲಾ ಕೂಡ್ಸಿ ತೋರಸ್ತಾರ್ರಿ."

ಅಷ್ಟರಲ್ಲಿ ಒಳಗೆ ಮತ್ತೆ ನರಳಿದ ಸದ್ದು. ಫಕೀರವ್ವನ ಕಣ್ಣು ತುಂಬಿದವು. ಬಾಗಿಲು ಪೂರ್ತಿ ತೆಗೆದಳು. "ಬಾ ಒಳಗ, ಲಗೂ ನೋಡು. ಆದ್ರ ಹೆಸರು ನಿನ್ನ ಬಾಯಿಂದ ಹೊರಗ ಬಿತ್ತಂದ್ರ, ನಿನಗ ನನ್ನ ರೊಟ್ಟಿ ಬಂದ್!"

ಅಂದೇ ದ್ರಾಕ್ಷಾಯಿಣಿಯನ್ನು ದವಾಖಾನೆಗೆ ಸೇರಿಸಿದರು. ಡೆಂಗಿಯೇ ಆಗಿತ್ತು. ಔಷಧ ಹೊಡೆಯುವವರು ನಮ್ಮ ಓಣಿಗೂ ಬಂದರು, ಡ್ರಮ್ಮುಗಳನ್ನೆಲ್ಲ ಬರಿದು ಮಾಡಿಸಿ ತಿಕ್ಕಿಸಿದರು. ಸೊಸೆ ಹುಷಾರಾಗಿ ಮನೆಗೆ ಬಂದಳು, ಹೊಟ್ಟೆಯ ಕೂಸೂ ಕ್ಷೇಮ.

ಓಣಿಯ ಮಂದಿ ಸುಮ್ಮನಿರುತ್ತಾರೆಯೇ? "ಜ್ವರ ಯಾರಿಗ್ ಬಂದಿತ್ತವಾ?" ಎಂದು ಮಾಬೂಬಿಯನ್ನು ಸುತ್ತಿಕೊಂಡರು.

"ಬೆಕ್ಕಿಗೆ," ಅಂದಳು ಮಾಬೂಬಿ. ಫಕೀರವ್ವ ಅವಳ ಕೈಗೆ ಬಿಸಿ ರೊಟ್ಟಿ ಇಟ್ಟಳು.

ಅಕ್ಕಂದಿರೇ, ಅಣ್ಣಂದಿರೇ, ಜ್ವರ ಮುಚ್ಚಿಡಬೇಡಿ. ನೀವು ಹೇಳಿದರೇನೇ ಓಣಿಗೆ ಔಷಧ ಬರುತ್ತದೆ. ಮಾಹಿತಿ ಕೇಳುವವರನ್ನು ನೀವೂ ಕೇಳಿ, ಇದು ಯಾಕೆ ಬೇಕು, ಯಾರ್ಯಾರು ನೋಡುತ್ತಾರೆ ಅಂತ. ಇನ್ನೊಬ್ಬರ ಹೆಸರಿರುವ ಪಟ್ಟಿ ನಿಮ್ಮ ಫೋನಿಗೆ ಬಂದರೆ ದಯವಿಟ್ಟು ಮುಂದೆ ಕಳಿಸಬೇಡಿ, ಅಲ್ಲೇ ಅಳಿಸಿ. ಮತ್ತೆ, ಆ ಅವ್ವನ ಅಡ್ಡಹೆಸರು ಉಳ್ಳಾಗಡ್ಡಿ. ಹಾಗೇ ಕರೆಯಿರಿ.