ರೆಪ್ಪೆ

ಮಗಳು ಅಪ್ಪನ ಉಗುರಿನ ಸಂದಿಯನ್ನು ಬ್ರಷ್ಷಿನಿಂದ ಉಜ್ಜುತ್ತಲೇ ಇದ್ದಳು. ಬಕೆಟ್ಟಿನ ಬಿಸಿನೀರು ಆಗಲೇ ಆರಿಹೋಗಿತ್ತು.

"ಸಾಕು ಬಿಡು ಮಗಾ," ಎಂದ ಗಿಡ್ಡಣ್ಣ. "ಅಲ್ಲೇನೂ ಸಿಗಲ್ಲ. ಒಂದೊಂದು ಪ್ರಾಣಿ ಮುಗಿದಾಗ್ಲೂ ಕತ್ತಿ ಬಿಸಿನೀರಿಗೆ ಅದ್ದಿ, ಕೈ ತೊಳ್ಕೊಳ್ತಿದ್ದ ಮನುಷ್ಯ."

ಗಿಡ್ಡಣ್ಣ ಬಗ್ಗದೆ ಬಾಗಿಲು ದಾಟಲಾರ. ಕಸಾಯಿಖಾನೆಯಲ್ಲಿ ಹೆಸರಿಡುವ ರೀತಿಯೇ ಹಾಗೆ, ತಿರುಗುಮುರುಗು. ಮಂಚದ ಮೇಲೆ ಮಲಗಿದ್ದ ಅವಳಪ್ಪನನ್ನು ಮಾತ್ರ ಇದ್ದ ಹಾಗೇ ಕರೆದಿದ್ದರು, ನಿಧಾನಣ್ಣ ಎಂದು. ಇಪ್ಪತ್ತೆರಡು ವರ್ಷ ಇಬ್ಬರೂ ಅಕ್ಕಪಕ್ಕ ನಿಂತು ದುಡಿದವರು.

ಹೊರಗೆ ಜೊತೆಗಾರರು ಕಾಯುತ್ತಿದ್ದರು. ಇವತ್ತೂ ತಡ ಮಾಡ್ತಾನೆ ನೋಡು ಎಂದು ಯಾರೋ ಮೆಲ್ಲಗೆ ಅಂದರು. ಯಾರೂ ನಗಲಿಲ್ಲ.

ನಿಧಾನಣ್ಣ ಕೆಲಸದ ಜಾಗದಲ್ಲೇ ಕುಸಿದಾಗ ಪಕ್ಕದಲ್ಲಿದ್ದವನು ಗಿಡ್ಡಣ್ಣ ಒಬ್ಬನೇ. ನಿದ್ದೆ ಬಂದ ಹಾಗೆ ಹೋದರಂತೆ ಎಂದು ಬಂದವರೆಲ್ಲ ಮಗಳಿಗೆ ಹೇಳಿದ್ದರು. ಅವಳಿಗೆ ನಂಬಿಕೆ ಬಂದಿರಲಿಲ್ಲ.

"ಮಾವ, ಅಪ್ಪನಿಗೆ ನೋವಾಯ್ತಾ?"

"ನಿದ್ದೆ ಬಂದ ಹಾಗೆ…" ಎಂದವನು ಅಲ್ಲಿಗೇ ನಿಲ್ಲಿಸಿದ.

*

ಹಿಂದೊಮ್ಮೆ, ಅದೊಂದು ಕೆಂದು ಹಸು. ಹಣೆಗೆ ಪ್ರಜ್ಞೆ ತಪ್ಪಿಸುವ ಗನ್ನು ಹಿಡಿದು ಹೊಡೆದಾಗಿತ್ತು. ಬಿದ್ದದ್ದನ್ನು ಸರಪಳಿ ಮೇಲೆತ್ತಬೇಕು, ಆಮೇಲೆ ಕತ್ತಿ. ಅದಕ್ಕೂ ಮೊದಲು ತೆರೆದ ಕಣ್ಣನ್ನು ಬೆರಳಿನಿಂದ ಮುಟ್ಟಿ ನೋಡಬೇಕೆಂಬುದು ನಿಯಮ. ರೆಪ್ಪೆ ಅಲುಗಿದರೆ ಅದಕ್ಕಿನ್ನೂ ನೋವು ತಿಳಿಯುತ್ತದೆ ಎಂದರ್ಥ. ಉಳಿದವರು ಹತ್ತರಲ್ಲಿ ಒಂದನ್ನು ಮುಟ್ಟುತ್ತಿದ್ದರು. ನಿಧಾನಣ್ಣ ಹತ್ತನ್ನೂ.

ರೆಪ್ಪೆ ಅಲುಗಿತು. ಅವನು ಬಲಗೈ ಎತ್ತಿದ. ಕೈ ಎತ್ತಿದರೆ ಎಲ್ಲ ಕೆಲಸವೂ ನಿಲ್ಲಬೇಕು, ನಿಂತಿತು. ಮ್ಯಾನೇಜರು ಓಡಿಬಂದು, ಸತ್ತಿದೆಯಲ್ಲಯ್ಯಾ, ಕೈ ಇಳಿಸು ಎಂದು ರೇಗಿದ.

"ಇನ್ನೂ ಇದ್ದಾಳೆ ಸಾರ್," ಎಂದ ನಿಧಾನಣ್ಣ, ಮಲಗಿದ ಮಗು ಏಳದಂತೆ ಮಾತಾಡುವ ದನಿಯಲ್ಲಿ.

ಮತ್ತೆ ಗನ್ನು ಹೊಡೆಸಿದ. ಎಡಗೈಯಿಂದ ಮತ್ತೆ ಮುಟ್ಟಿದ. ಆಮೇಲೆಯೇ ಕೈ ಇಳಿದದ್ದು. ಕತ್ತಿ ಹಿಡಿಯುವ ಮುಂಚೆ ಎಂದಿನಂತೆ ಗಳಿಗೆ ಹೊತ್ತು ಕಣ್ಣು ಮುಚ್ಚಿ ತುಟಿ ಅಲುಗಿಸಿದ. ಅದೇನು ಗೊಣಗ್ತೀಯೋ ಎಂದು ಗಿಡ್ಡಣ್ಣ ಕೇಳಿದ.

"ಉಸಿರು ಕೊಟ್ಟೋನಿಗೆ ಹೇಳ್ತೀನಿ, ನಿಂದು ನಿಂಗೆ ನೋಯಿಸದೆ ಒಪ್ಪಿಸ್ತಿದ್ದೀನಿ ಅಂತ. ನೋಯಿಸ್ಬಿಟ್ರೆ ಹೇಗಪ್ಪಾ ಹೇಳ್ಲಿ?"

*

ಗಿಡ್ಡಣ್ಣ ಮಂಚದ ಕಾಲನ್ನೇ ನೋಡುತ್ತಿದ್ದ.

"ನೋವಾಯ್ತು ಮಗಾ. ಎದೆ ಹಿಡ್ಕೊಂಡು ಬಿದ್ದ. ಮಾತಿಲ್ಲ, ಕಣ್ಣು ಮಾತ್ರ ಬಿಟ್ಟೇ ಇತ್ತು. ನಂಗೆ… ಬೆರಳು ತಾನಾಗೇ ಹೋಯ್ತು. ಮುಟ್ಬಿಟ್ಟೆ." ತಪ್ಪು ಮಾಡಿದವನ ಹಾಗೆ ಬಲಗೈಯನ್ನು ಕಂಕುಳಲ್ಲಿ ಅಡಗಿಸಿಕೊಂಡ.

"ಅಲುಗಿತಾ?"

"ಅಲುಗ್ತು."

ಅವಳು ಬ್ರಷ್ಷನ್ನು ಬಕೆಟ್ಟಿಗೆ ಬಿಟ್ಟಳು.

"ಅವನ ಹಣೆ ಮೇಲೆ ಕೈ ಇಟ್ಕೊಂಡು ಕೂತೆ. ನಮ್ಮತ್ರ ಅವನಿಗೆ ಕೊಡೋಕೆ ಏನೂ ಇರ್ಲಿಲ್ಲ, ಹಸುಗಾದ್ರೆ ಗನ್ನಿತ್ತು. ಆಮೇಲೆ ಇನ್ನೊಂದ್ಸಲ ಮುಟ್ಟಿದೆ. ಅಲುಗ್ಲಿಲ್ಲ."

"ತುಂಬಾ ಹೊತ್ತಾಯ್ತಾ?"

"ಆಯ್ತು."

ಅವಳು ಅವನ ಬಲಗೈಯನ್ನು ಕಂಕುಳಿಂದ ಬಿಡಿಸಿ, ಅಪ್ಪನ ಕೈ ಒರೆಸಿದ ಬಟ್ಟೆಯಿಂದಲೇ ಒರೆಸಿದಳು.

ಸ್ಮಶಾನದಲ್ಲಿ ಗುಂಡಿಯ ಬಳಿ ಮಣ್ಣು ಹಸಿಯಾಗಿತ್ತು. ಪೆಟ್ಟಿಗೆಯ ಮುಚ್ಚಳ ಹಿಡಿದವರು ಬಗ್ಗಿದರು. ಹಗ್ಗ ಹಿಡಿದವರು ಕಾಲೂರಿ ನಿಂತರು. ಮ್ಯಾನೇಜರು ಗಡಿಯಾರ ನೋಡಿಕೊಂಡ. ಅಷ್ಟರಲ್ಲಿ ಮಗಳು ಮಂಡಿಯೂರಿ, ಕಿರುಬೆರಳನ್ನು ಅಪ್ಪನ ಮುಚ್ಚಿದ ರೆಪ್ಪೆಯ ಮೇಲಿಟ್ಟಳು.

ಗಿಡ್ಡಣ್ಣ ಬಲಗೈ ಎತ್ತಿದ.

ಕಸಾಯಿಖಾನೆಯ ಜನ ಇದ್ದಲ್ಲೇ ನಿಂತರು. ಹಗ್ಗ ನಿಂತಿತು, ಮುಚ್ಚಳ ನಿಂತಿತು. ಅವಳು ಬೆರಳು ತೆಗೆಯುವವರೆಗೂ ಆ ಕೈ ಮೇಲೆಯೇ ಇತ್ತು.