ಹೊಟ್ಟೆ ತುಂಬಿದ ಕೌದಿ

ಮೂರು ದಿನದಿಂದ ಹನುಮಂತಮ್ಮನ ಮೊಬೈಲು ಸ್ವಿಚ್ ಆಫ್ ಆಗಿ ಜೋಳದ ಡಬ್ಬಿಯೊಳಗೆ ಕೂತಿತ್ತು. ಅವಳೇ ಹೆದರಿ ಅಲ್ಲಿ ಇಟ್ಟಿದ್ದಳು.

ಅರಕೇರಾದ ಮನೆಯಲ್ಲೇ ಕೂತು ಹಳೆ ಸೀರೆಗಳ ಕೌದಿ ಹೊಲಿದು, ಮೊಬೈಲಿನಲ್ಲಿ ಫೋಟೊ ಹಾಕಿ ಮಾರಲು ಕಲಿತಿದ್ದಳು ಪಾಪ. ಮೊದಲ ಕೌದಿ ದೇವದುರ್ಗದ ಅಂಚೆಯಿಂದ ಮೈಸೂರಿಗೆ ಹೋಯಿತು. ಅಲ್ಲಿಂದ ಬಂದ ಮೆಸೇಜು ಇಷ್ಟೇ: "ಮೂಲೆಯಲ್ಲಿ ಏನೋ ಗಟ್ಟಿ ಇದೆ. ಇರುವೆ ಮುತ್ತಿದೆ. ಏನಿದು?" ಓದಿದವಳೇ ಉತ್ತರ ಕೊಡದೆ ಫೋನು ಆರಿಸಿದಳು.

ಯಾಕೆಂದರೆ ಗಂಡ ಆಂಜನೇಯ ಮೊದಲೇ ಹೇಳಿದ್ದ. ಕೌದಿ ವ್ಯಾಪಾರ ಕುದುರಿದರೆ ಅವಳೂ ಮಗಳು ಮೇಘಾಳೂ ಊರಲ್ಲೇ ಇರುವುದು. ಇಲ್ಲವಾದರೆ ಸೋಮವಾರದ ಗಾಡಿಗೆ ಮೂವರೂ ಬೆಂಗಳೂರಿನ ಕಟ್ಟಡ ಕೆಲಸಕ್ಕೆ. ಹೋದರೆ ನಾಲ್ಕನೇ ಕ್ಲಾಸಿನ ಮೇಘಾಳ ಶಾಲೆ ಅಲ್ಲಿಗೇ ಮುಗಿದಂತೆ.

"ನಾ ಹೇಳಿಲ್ಲೇನು? ಮುಖಾನ ನೋಡದ ಮಂದಿ ಕೂಡ ಎಂಥಾ ವ್ಯಾಪಾರ ಬೇ," ಎಂದಳು, ದೂರು ಬಂದದ್ದಷ್ಟೇ ಗೊತ್ತಿದ್ದ ಅತ್ತೆ ಗದ್ದೆಮ್ಮ. "ಇನ್ನ ಗಂಟು ಕಟ್ಟು."

ಶನಿವಾರ ರಾಯಚೂರಿನಿಂದ ಸಂಘಮಿತ್ರಾ ಬಂದಳು. ಮಹಿಳಾ ಸಂಘದವರಿಗೆ ಆನ್‌ಲೈನ್ ವ್ಯಾಪಾರ ಹೇಳಿಕೊಡುವವಳು.

"ಮೂರು ದಿನಾತು, ನಿನ್ನ ಫೋನ್ ಹತ್ತವಲ್ದು. ಏನಾಗೇದ ಹನುಮಂತಮ್ಮಾ?"

ಹನುಮಂತಮ್ಮ ಎಲ್ಲಾ ಹೇಳಿ ಅತ್ತಳು.

"ಮೂಲ್ಯಾಗ ಏನಿಟ್ಟಿದ್ದಿ?"

"ನಾ ಏನೂ ಇಟ್ಟಿಲ್ಲರೀ ಅಕ್ಕಾರ."

ಗದ್ದೆಮ್ಮ ಸೆರಗು ಸರಿಮಾಡಿಕೊಂಡಳು. "ನಾ ಇಟ್ಟೀನಿ. ಹೋಳಿಗಿ ಚೂರು. ಕಡೀ ಮೂಲಿ ಮುಚ್ಚೂ ಮುಂದ ಇಡೋದಲ್ಲೇನು? ಕೌದಿ ಹಸದಿರಬಾರ್ದು. ಸೊಸಿ ಮೊದಲ್ನೇ ಕೌದಿ ಅಂತ ಬೆಲ್ಲ ಜಾಸ್ತಿ ಹಾಕಿದ್ದೆ."

ಬೈಯುತ್ತಲೇ ಬೆಲ್ಲ ಹಾಕಿದ್ದ ಅತ್ತೆಯನ್ನು ಹನುಮಂತಮ್ಮ ಬಿಟ್ಟ ಕಣ್ಣಿಂದ ನೋಡಿದಳು.

ಸಂಘಮಿತ್ರಾಳಿಗೆ ನಗು ತಡೆಯಲಾಗಲಿಲ್ಲ. "ಯವ್ವಾ, ಈ ಪದ್ಧತಿ ನಮಗ ಗೊತ್ತು. ಮೈಸೂರಿನ ಆ ತಾಯಿಗೆ ಹೆಂಗ ಗೊತ್ತಾಗಬೇಕು? ಅಂಗಡ್ಯಾಗಾದ್ರ ಮುಟ್ಟಿ ನೋಡಿ ಕೇಳತಾರ. ಇಲ್ಲಿ ನಾವು ಬರದದ್ದನ್ನ ಓದಿ ನಂಬತಾರ. ಕೇಳಿದಾಗ ಫೋನ್ ಮುಚ್ಚಿಟ್ರ ಮೋಸ ಅಂತ ತಿಳೀತಾರ."

ಡಬ್ಬಿಯಿಂದ ಫೋನು ಹೊರಬಂತು. ಹನುಮಂತಮ್ಮ ಇದ್ದದ್ದನ್ನು ಇದ್ದ ಹಾಗೆ ಧ್ವನಿ ಮೆಸೇಜಿನಲ್ಲಿ ಹೇಳಿದಳು. "ಅದು ಹೋಳಿಗಿ ಚೂರ್ರಿ. ಮೊದಲ ಹೇಳದಿದ್ದದ್ದು ನಮ್ಮ ತಪ್ಪು. ಬ್ಯಾಡಾದ್ರ ವಾಪಸ್ ಕಳಸ್ರಿ, ಪಾರ್ಸೆಲ್ ಖರ್ಚು ನಮ್ದ."

ಉತ್ತರ ಬರುವ ತನಕ ಮೂವರೂ ಚಹಾ ಮುಟ್ಟಲಿಲ್ಲ.

"ಇಷ್ಟೇನಾ? ಅವತ್ತೇ ಹೇಳಬಾರದಿತ್ತೇ. ಮೂಲೆ ಬಿಚ್ಚಿ ತೆಗೆದು ನಾನೇ ಹೊಲಿದುಕೊಳ್ಳುತ್ತೇನೆ. ಕೌದಿ ಬೆಚ್ಚಗಿದೆ. ನನ್ನ ತಂಗಿಗೂ ಎರಡು ಬೇಕು. ಹೋಳಿಗೆ ಬೇಡ."

ಹನುಮಂತಮ್ಮನಿಗೆ ಹೋದ ಜೀವ ಬಂದಂತಾಯಿತು. ಸೋಮವಾರ ಆಂಜನೇಯ ಒಬ್ಬನೇ ಗಾಡಿ ಹತ್ತಿದ. ಮೇಘಾ ಶಾಲೆಗೆ ಹೋದಳು.

ಮುಂದಿನ ಕೌದಿಯ ಕಡೆಯ ಮೂಲೆ ಬಂದಾಗ ಗದ್ದೆಮ್ಮ ಹೋಳಿಗೆ ತಂದೇ ತಂದಳು. ಮೂಲೆಗೆ ಮುಟ್ಟಿಸಿ, ಶಾಲೆಯಿಂದ ಬಂದ ಮೊಮ್ಮಗಳ ಬಾಯಿಗಿಟ್ಟಳು.

"ಈಗ ಹೊಲಿ," ಎಂದಳು ಸೊಸೆಗೆ. "ಹೊಟ್ಟಿ ತುಂಬೇದ."

ಅಕ್ಕತಂಗಿಯರೇ, ಮನೆಯಲ್ಲೇ ಕೂತು ಆನ್‌ಲೈನ್ ವ್ಯಾಪಾರ ಮಾಡಲು ನಿಮಗೂ ಸಾಧ್ಯ. ನಿಮ್ಮದೇ ಸಾಮಾನಿನ ಫೋಟೊ ಹಾಕಿ. ಅದರಲ್ಲಿ ಏನೇನಿದೆ ಎಂದು ಮುಚ್ಚಿಡದೆ ಬರೆಯಿರಿ. ದೂರು ಬಂದರೆ ಅದೇ ದಿನ ಉತ್ತರ ಕೊಡಿ, ತಪ್ಪಿದ್ದರೆ ಒಪ್ಪಿಕೊಳ್ಳಿ. ಡಬ್ಬಿಯಲ್ಲಿ ಜೋಳ ಇರಲಿ, ಫೋನು ನಿಮ್ಮ ಕೈಯಲ್ಲಿರಲಿ.